ಕಾಲಕ್ಕೆ ನಾಲ್ಕನೆಯ ಆಯಾಮದ ಪಟ್ಟ ಕಟ್ಟಿದ ಮಿಂಕೋವ್‌ಸ್ಕಿ

ಶಕ್ತಿ ಮತ್ತು ದ್ರವ್ಯರಾಶಿಯ ನಂಟಿನ ಮಾತು ಬಂದರೆ ಐನ್‌ಸ್ಟೈನ್ ಹೆಸರು ಶಾಲಾ ಮಕ್ಕಳ ಬಾಯಲ್ಲೂ ಬರುತ್ತದೆ. ಆ ನಂಟಿಗೆ ನಾಲ್ಕು ಆಯಾಮಗಳ ಚೌಕಟ್ಟು ಒದಗಿಸಿದ ಗಣಿತಜ್ಞ ಹರ್ಮನ್ ಮಿಂಕೋವ್‌ಸ್ಕಿ ಅವರನ್ನು ಭೌತವಿಜ್ಞಾನದ ತರಗತಿಯ ಹೊರಗೆ ನೆನೆಯುವವರು ವಿರಳ. ಐನ್‌ಸ್ಟೈನ್‌ಗೆ ಪಾಠ ಹೇಳಿದ್ದ ಈ ಪ್ರಾಧ್ಯಾಪಕರು, ತಮ್ಮ ಶಿಷ್ಯ ಜಗದ್ವಿಖ್ಯಾತನಾಗುವುದನ್ನು ಕಾಣುವ ಮೊದಲೇ, 44ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇಂದು ಲಿಥುವೇನಿಯಾದ ಕೌನಸ್ ನಗರಕ್ಕೆ ಸೇರಿರುವ ಅಲೆಕ್ಸೋತಸ್‌ನಲ್ಲಿ 1864ರ ಜೂನ್ 22ರಂದು ಯಹೂದಿ ಕುಟುಂಬವೊಂದರಲ್ಲಿ ಅವರ ಜನನ. ಆಗ ಅದು ರಷ್ಯಾ ಸಾಮ್ರಾಜ್ಯದ ಊರು. 1872ರಲ್ಲಿ ಕುಟುಂಬ ಪ್ರಷ್ಯಾದ ಕೋನಿಗ್ಸ್‌ಬರ್ಗ್‌ಗೆ ವಲಸೆ ಹೋಯಿತು. ಪ್ರತಿಭೆ ಆ ಮನೆಯಲ್ಲಿ ಒಬ್ಬರಿಗೇ ಮೀಸಲಾಗಿರಲಿಲ್ಲ. ಮೇದೋಜೀರಕ ಗ್ರಂಥಿಗೂ ಮಧುಮೇಹಕ್ಕೂ ಇರುವ ಸಂಬಂಧವನ್ನು 1889ರಲ್ಲಿ ತೋರಿಸಿಕೊಟ್ಟ ಇಬ್ಬರು ವೈದ್ಯವಿಜ್ಞಾನಿಗಳಲ್ಲಿ ಒಬ್ಬರಾದ ಆಸ್ಕರ್ ಮಿಂಕೋವ್‌ಸ್ಕಿ ಹರ್ಮನ್ ಅವರ ಅಣ್ಣ.

ಸಂಖ್ಯೆಯೊಂದನ್ನು ಐದು ವರ್ಗಗಳ ಮೊತ್ತವಾಗಿ ಎಷ್ಟು ಬಗೆಯಲ್ಲಿ ಬರೆಯಬಹುದೆಂಬ ಪ್ರಶ್ನೆಯನ್ನು ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿ ಬಹುಮಾನಕ್ಕೆ ಒಡ್ಡಿತ್ತು. ಹದಿಹರೆಯದ ಮಿಂಕೋವ್‌ಸ್ಕಿ ಉತ್ತರ ಕಳುಹಿಸಿದರು. ಪ್ರಬಂಧ ಫ್ರೆಂಚ್ ಭಾಷೆಯಲ್ಲಿರಬೇಕೆಂಬ ನಿಯಮವಿದ್ದರೂ ಅವರದು ಜರ್ಮನ್‌ನಲ್ಲಿತ್ತು. ಆದರೂ 1883ರಲ್ಲಿ ಬಹುಮಾನ ಬಂತು, ಇಂಗ್ಲೆಂಡಿನ ಹಿರಿಯ ಗಣಿತಜ್ಞ ಹೆನ್ರಿ ಸ್ಮಿತ್ ಅವರೊಂದಿಗೆ ಹಂಚಿಕೆಯಾಗಿ. ಸ್ಮಿತ್ ಅಷ್ಟರಲ್ಲಿ ತೀರಿಹೋಗಿದ್ದರು. ಕೋನಿಗ್ಸ್‌ಬರ್ಗ್‌ನಲ್ಲಿಯೇ ಡೇವಿಡ್ ಹಿಲ್ಬರ್ಟ್ ಅವರ ಸ್ನೇಹವೂ ಕೂಡಿಬಂತು. ಅಡಾಲ್ಫ್ ಹುರ್ವಿಟ್ಸ್ ಜತೆ ಸಂಜೆಯ ನಡಿಗೆಯಲ್ಲಿ ಈ ಗೆಳೆಯರು ಗಣಿತವನ್ನೇ ಮಾತನಾಡುತ್ತಿದ್ದರು.

1896ರಲ್ಲಿ ಮಿಂಕೋವ್‌ಸ್ಕಿ ಜೂರಿಕ್‌ನ ಪಾಲಿಟೆಕ್ನಿಕ್ ಸೇರಿದರು. ಅದೇ ವರ್ಷ ಅಲ್ಲಿಗೆ ವಿದ್ಯಾರ್ಥಿಯಾಗಿ ಬಂದವನು ಆಲ್ಬರ್ಟ್ ಐನ್‌ಸ್ಟೈನ್. ಉನ್ನತ ಗಣಿತ ತನಗೇಕೆ ಎಂಬ ಭಾವನೆಯ ಆ ತರುಣ ತರಗತಿಗಳನ್ನು ಧಾರಾಳವಾಗಿ ತಪ್ಪಿಸುತ್ತಿದ್ದ. ಗೆಳೆಯ ಮಾರ್ಸೆಲ್ ಗ್ರಾಸ್‌ಮನ್‌ನ ಟಿಪ್ಪಣಿ ಓದಿ ಪರೀಕ್ಷೆ ದಾಟಿದ. ಮೇಷ್ಟ್ರ ಕಣ್ಣಿಗೆ ಅವನು ಸೋಮಾರಿಯಾಗಿ ಕಂಡದ್ದರಲ್ಲಿ ಅನ್ಯಾಯವೇನೂ ಇಲ್ಲ. 1902ರಲ್ಲಿ ಹಿಲ್ಬರ್ಟ್ ಪಟ್ಟು ಹಿಡಿದು ಗಾಟಿಂಗೆನ್‌ನಲ್ಲಿ ಹೊಸ ಪೀಠ ಸೃಷ್ಟಿಸಿ ಗೆಳೆಯನನ್ನು ಕರೆಸಿಕೊಂಡರು.

1905ರಲ್ಲಿ ಐನ್‌ಸ್ಟೈನ್ ವಿಶೇಷ ಸಾಪೇಕ್ಷತಾ ಸಿದ್ಧಾಂತವನ್ನೂ, ಅದರ ಬೆನ್ನಿಗೇ ಶಕ್ತಿ ಮತ್ತು ದ್ರವ್ಯರಾಶಿ ಸಮಾನವೆಂಬ ಲೇಖನವನ್ನೂ ಪ್ರಕಟಿಸಿದಾಗ ಅಚ್ಚರಿಪಟ್ಟವರಲ್ಲಿ ಹಳೆಯ ಗುರುವೂ ಒಬ್ಬರು. ಆದರೆ ಆ ಲೇಖನಗಳ ಒಳಗೆ ಶಿಷ್ಯನೇ ಕಾಣದ ಒಂದು ಜ್ಯಾಮಿತಿ ಅಡಗಿರುವುದು ಅವರಿಗೆ ಹೊಳೆಯಿತು.

ಕಾಲವನ್ನು ಬೆಳಕಿನ ವೇಗದಿಂದ ಗುಣಿಸಿದರೆ ಅದು ದೂರವಾಗುತ್ತದೆ. ಒಂದು ಸೆಕೆಂಡ್ ಎಂದರೆ ಸುಮಾರು 3 ಲಕ್ಷ ಕಿಲೋಮೀಟರ್. ಹೀಗೆ ಅಳೆದಾಗ ಉದ್ದ, ಅಗಲ, ಎತ್ತರಗಳ ಪಕ್ಕದಲ್ಲಿ ಕಾಲವೂ ನಾಲ್ಕನೆಯ ಆಯಾಮವಾಗಿ ಕೂರುತ್ತದೆ. ನೆಟ್ಟ ಕೋಲು ಒಂದೇ ಆದರೂ ಅದರ ನೆರಳು ಬೆಳಗ್ಗೆ ಒಂದು ಅಳತೆ, ಮಧ್ಯಾಹ್ನ ಇನ್ನೊಂದು. ಹಾಗೆಯೇ ಬೇರೆ ಬೇರೆ ವೇಗದಲ್ಲಿ ಚಲಿಸುವವರು ಅಳೆಯುವ ದೂರ ಬೇರೆ, ಕಾಲ ಬೇರೆ. ಎರಡನ್ನೂ ಒಳಗೊಂಡ ದೇಶ-ಕಾಲದ ಅಂತರ ಮಾತ್ರ ಎಲ್ಲರಿಗೂ ಒಂದೇ. ಸಾಮಾನ್ಯ ಜ್ಯಾಮಿತಿಯಲ್ಲಿ ವರ್ಗಗಳನ್ನು ಕೂಡುತ್ತೇವೆ, ಇಲ್ಲಿ ಕಾಲದ ವರ್ಗದಿಂದ ದೂರದ ವರ್ಗವನ್ನು ಕಳೆಯಬೇಕು. ವ್ಯತ್ಯಾಸವೆಲ್ಲ ಆ ಒಂದು ಚಿಹ್ನೆಯಲ್ಲಿದೆ.

ಶಕ್ತಿ-ದ್ರವ್ಯರಾಶಿಯ ಗುಟ್ಟೂ ಇಲ್ಲೇ ಬಿಚ್ಚಿಕೊಳ್ಳುತ್ತದೆ. ಕುರ್ಚಿಯಲ್ಲಿ ಸುಮ್ಮನೆ ಕುಳಿತವರೂ ಕಾಲದ ದಿಕ್ಕಿನಲ್ಲಿ ಸಾಗುತ್ತಲೇ ಇರುತ್ತಾರೆ. ವಸ್ತುವಿನ ಸಂವೇಗಕ್ಕೆ ಮೂರು ದಿಕ್ಕುಗಳಿದ್ದರೆ, ಕಾಲದ ದಿಕ್ಕಿನಲ್ಲಿರುವ ನಾಲ್ಕನೆಯ ಭಾಗವೇ ಶಕ್ತಿ. ವಸ್ತು ನಿಶ್ಚಲವಾಗಿದ್ದಾಗ ಉಳಿದ ಮೂರೂ ಸೊನ್ನೆಯಾಗಿ ಆ ಭಾಗವಷ್ಟೇ ಉಳಿಯುತ್ತದೆ. ಅದರ ಪ್ರಮಾಣ ದ್ರವ್ಯರಾಶಿಯನ್ನು ಬೆಳಕಿನ ವೇಗದ ವರ್ಗದಿಂದ ಗುಣಿಸಿದಷ್ಟು. ಒಂದು ಗ್ರಾಂ ವಸ್ತುವಿನಲ್ಲಿ ಹೀಗೆ ಹುದುಗಿರುವುದು ಎರಡೂವರೆ ಕೋಟಿ ಯೂನಿಟ್ ವಿದ್ಯುತ್ತಿಗೆ ಸಮ. ಶಕ್ತಿಯೂ ಸಂವೇಗವೂ ನೋಡುಗರಿಂದ ನೋಡುಗರಿಗೆ ಬದಲಾದರೂ ದ್ರವ್ಯರಾಶಿ ಕೋಲಿನ ಉದ್ದದಂತೆ ಅಚಲ.

1908ರ ಸೆಪ್ಟೆಂಬರ್ 21ರಂದು ಕಲೋನ್ ನಗರದ ವಿಜ್ಞಾನಿಗಳ ಸಮಾವೇಶದಲ್ಲಿ ಮಿಂಕೋವ್‌ಸ್ಕಿ ದೇಶ ಬೇರೆ, ಕಾಲ ಬೇರೆ ಎಂಬ ಎಣಿಕೆ ಮುಗಿಯಿತೆಂದು ಸಾರಿದರು. ಮುಂದಿನ ಕೆಲಸಕ್ಕೆಂದು ಡಿಸೆಂಬರಿನಲ್ಲಿ ಮ್ಯಾಕ್ಸ್ ಬಾರ್ನ್ ಎಂಬ ತರುಣನನ್ನು ಗಾಟಿಂಗೆನ್‌ಗೆ ಕರೆಸಿಕೊಂಡರು. ಕೆಲವೇ ವಾರ ಕಳೆದಿತ್ತು. ಅಪೆಂಡಿಸೈಟಿಸ್ ಬಾಧೆ ಹಠಾತ್ತನೆ ಉಲ್ಬಣಿಸಿತು, ಶಸ್ತ್ರಚಿಕಿತ್ಸೆಯೂ ಉಳಿಸಲಿಲ್ಲ. 1909ರ ಜನವರಿ 12ರಂದು ಅವರು ನಿಧನರಾದರು. ಪತ್ನಿ ಮತ್ತು ಇಬ್ಬರು ಚಿಕ್ಕ ಹೆಣ್ಣುಮಕ್ಕಳನ್ನು ಅಗಲಿದ್ದರು. ಪ್ರತಿಜೀವಕ ಔಷಧಗಳಿಲ್ಲದ ಆ ದಿನಗಳಲ್ಲಿ ಇಂದಿನ ಸಾಧಾರಣ ಕಾಯಿಲೆಯೂ ಮೃತ್ಯುವಾಗಿತ್ತು.

ಉಳಿದ ಕಾಗದಪತ್ರಗಳನ್ನು ಜೋಡಿಸುವ ಹೊಣೆ ಬಾರ್ನ್ ಅವರ ಪಾಲಿಗೆ ಬಂತು. ಸರ್ ಸಿ.ವಿ. ರಾಮನ್ ಆಹ್ವಾನದ ಮೇರೆಗೆ 1935-36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದ್ದವರು ಇದೇ ಬಾರ್ನ್. ಹಿಲ್ಬರ್ಟ್ 1911ರಲ್ಲಿ ಗೆಳೆಯನ ಸಮಗ್ರ ಕೃತಿಗಳನ್ನು ಹೊರತಂದರು.

ಇತ್ತ ಐನ್‌ಸ್ಟೈನ್‌ಗೆ ನಾಲ್ಕು ಆಯಾಮಗಳ ಈ ಕಸರತ್ತು ಮೊದಲಿಗೆ ಅನವಶ್ಯಕ ಪಾಂಡಿತ್ಯವಾಗಿ ಕಂಡಿತ್ತು. ಗುರುತ್ವವನ್ನು ವಿವರಿಸಹೊರಟಾಗ ಬೇರೆ ದಾರಿ ಕಾಣಲಿಲ್ಲ. ತಪ್ಪಿಸಿಕೊಂಡಿದ್ದ ಗಣಿತವನ್ನು 1912ರಿಂದ ಅದೇ ಗ್ರಾಸ್‌ಮನ್ ನೆರವಿನಿಂದ ಕಲಿಯಬೇಕಾಯಿತು. ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಕುರಿತ 1916ರ ಪ್ರಬಂಧದ ಆರಂಭದಲ್ಲೇ ಅವರು ಮಿಂಕೋವ್‌ಸ್ಕಿಯ ಋಣವನ್ನು ಒಪ್ಪಿಕೊಂಡಿದ್ದಾರೆ. 1920ರಲ್ಲಿ ಮೇಘನಾದ ಸಹಾ ಮತ್ತು ಸತ್ಯೇಂದ್ರನಾಥ ಬೋಸ್ ಇಂಗ್ಲಿಷಿಗೆ ಅನುವಾದಿಸಿ, ಕಲ್ಕತ್ತಾ ವಿಶ್ವವಿದ್ಯಾಲಯ ಪ್ರಕಟಿಸಿದ ಸಂಪುಟದಲ್ಲಿ ಗುರು-ಶಿಷ್ಯರಿಬ್ಬರ ಲೇಖನಗಳೂ ಒಟ್ಟಿಗೇ ಅಚ್ಚಾದವು.