ಹಳೆಯ ನಾಣ್ಯಗಳ ಬೆನ್ನು ಹತ್ತಿದ ಸರ್ ವಾಲ್ಟರ್ ಎಲಿಯಟ್

ಕಳೆದ ಮಳೆಗಾಲದಲ್ಲಿ ನಮ್ಮ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ತನ್ನ ತಾತನ ಕಡಲೆಕಾಯಿ ಹೊಲದಲ್ಲಿ ಸಿಕ್ಕಿದ ಒಂದು ತಾಮ್ರದ ಕಾಸನ್ನು ತಂದು ನನ್ನ ಕೈಯಲ್ಲಿಟ್ಟನು. ಮೇಷ್ಟ್ರಿಗೆ ತೋರಿಸಬೇಕೆಂಬ ಉತ್ಸಾಹದಲ್ಲಿ ಅವನು ಅದಕ್ಕೆ ಹುಣಸೆಹಣ್ಣು, ಬೂದಿ ಹಚ್ಚಿ ಹಿಂದಿನ ರಾತ್ರಿಯೆಲ್ಲ ತಿಕ್ಕಿದ್ದನು. ಕಾಸು ಹೊಸ ಚೆಂಬಿನಂತೆ ಥಳಥಳಿಸುತ್ತಿತ್ತು. ಆದರೆ ಅದರ ಮೇಲಿದ್ದ ಅಕ್ಷರಗಳು ಸವೆದು ಮಾಯವಾಗಿದ್ದವು. ಇದು ಯಾವ ರಾಜನ ಕಾಸು ಎಂದು ಅವನು ಕೇಳಿದಾಗ ನಾನು ಉತ್ತರ ಹೇಳಲಾರದೆ ಹೋದೆನು. ಉತ್ತರ ಆ ಕಾಸಿನ ಮೇಲೆಯೇ ಇತ್ತು, ಹಿಂದಿನ ರಾತ್ರಿಯವರೆಗೂ ಇತ್ತು. ಆ ದಿನ ನನಗೆ ನೆನಪಾದವರು ಸರ್ ವಾಲ್ಟರ್ ಎಲಿಯಟರು. ಹೀಗೆ ಸವೆದು, ಕರಗಿ, ಕಾಣೆಯಾಗುತ್ತಿದ್ದ ದಕ್ಷಿಣ ದೇಶದ ನಾಣ್ಯಗಳನ್ನು ಆಯುಷ್ಯವಿಡೀ ಹುಡುಕಿ ಕೂಡಿಟ್ಟ ಅವರ ಕಥೆಯನ್ನು ನಮ್ಮ ವಿದ್ಯಾರ್ಥಿಗಳು ತಿಳಿಯಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ವಾಲ್ಟರ್ ಎಲಿಯಟರು 1803ನೆಯ ಇಸವಿ ಜನವರಿ 16ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಹುಟ್ಟಿದರು. ಈಸ್ಟ್ ಇಂಡಿಯಾ ಕಂಪನಿಯ ನೌಕರಿಗೆ ಹುಡುಗರನ್ನು ತಯಾರು ಮಾಡುತ್ತಿದ್ದ ಹೇಲಿಬರಿ ಕಾಲೇಜಿನಲ್ಲಿ ಓದಿ, 1821ರಲ್ಲಿ ಮದರಾಸಿಗೆ ಬಂದಿಳಿದರು. ಆಗ ಅವರ ವಯಸ್ಸು ಹದಿನೆಂಟು. ಮದರಾಸಿನ ಕೋಟೆಯ ಕಾಲೇಜಿನಲ್ಲಿ ದೇಶಭಾಷೆಗಳನ್ನು ಕಲಿಯುವುದು ಹೊಸ ಅಧಿಕಾರಿಗಳ ಮೊದಲ ಕೆಲಸವಾಗಿತ್ತು. ಎಲಿಯಟರು ತಮಿಳು ಮತ್ತು ಹಿಂದೂಸ್ತಾನಿ ಭಾಷೆಗಳಲ್ಲಿ ಪಡೆದ ಪ್ರಾವೀಣ್ಯಕ್ಕಾಗಿ ಅವರಿಗೆ ಒಂದು ಸಾವಿರ ವರಾಹಗಳ ಬಹುಮಾನ ದೊರೆಯಿತು. ಮುಂದೆ ಯಾರು ವರಾಹ ನಾಣ್ಯದ ಹುಟ್ಟನ್ನೇ ಹುಡುಕಿಕೊಂಡು ಹೊರಟರೋ ಅವರಿಗೆ ಮೊದಲ ಬಹುಮಾನವು ವರಾಹಗಳಲ್ಲಿಯೇ ಬಂದದ್ದು ಸೋಜಿಗವಲ್ಲವೇ!

ಸೇಲಂ ಜಿಲ್ಲೆಯಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದ ಮೇಲೆ ಅವರಿಗೆ ಧಾರವಾಡದ ಕಡೆಗೆ ವರ್ಗವಾಯಿತು. ಅಲ್ಲಿ ಕಲೆಕ್ಟರರಾಗಿದ್ದ ಥ್ಯಾಕರೆಯ ಕೈಕೆಳಗೆ ಅವರು ಸಹಾಯಕರಾದರು. 1824ರಲ್ಲಿ ಕಿತ್ತೂರಿನ ದೊರೆ ಮಕ್ಕಳಿಲ್ಲದೆ ತೀರಿಕೊಂಡಾಗ ದತ್ತು ಮಗನನ್ನು ಕಂಪನಿಯವರು ಒಪ್ಪಲಿಲ್ಲ. ಮುಂದೆ ನಡೆದದ್ದು ನಮ್ಮ ಮಕ್ಕಳೆಲ್ಲರಿಗೂ ತಿಳಿದದ್ದೇ. ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನವರ ವೀರರು ಕೋಟೆಯ ಬಾಗಿಲನ್ನು ತೆರೆದು ಹೊರಬಿದ್ದರು. ಥ್ಯಾಕರೆಯು ಹತನಾದನು. ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ತರುಣ ಅಧಿಕಾರಿಗಳು ಸೆರೆಯಾದರು.

ನಾವು ಪಾಠದಲ್ಲಿ ಈ ಇಬ್ಬರ ಹೆಸರನ್ನು ಓದಿ ಮುಂದಕ್ಕೆ ಹೋಗಿಬಿಡುತ್ತೇವೆ. ಆದರೆ ಕೋಟೆಯೊಳಗಿದ್ದ ಆ ಇಪ್ಪತ್ತೊಂದು ವರ್ಷದ ಯುವಕನನ್ನು ಸ್ವಲ್ಪ ನೆನೆಯಿರಿ. ಮೇಲಧಿಕಾರಿ ಕಣ್ಣೆದುರಿಗೆ ಸತ್ತಿದ್ದಾನೆ. ಊರು ಸಾವಿರಾರು ಮೈಲಿ ದೂರ. ನಾಳೆ ಏನಾಗುವುದೆಂದು ಗೊತ್ತಿಲ್ಲ. ಹಲವು ವಾರ ಹೀಗೆ ಕಳೆದವು. ಡಿಸೆಂಬರ್ ತಿಂಗಳ ಆರಂಭಕ್ಕೆ ಸೆರೆಯಾಳುಗಳು ಜೀವಸಹಿತ ಬಿಡುಗಡೆಯಾದರು. ಆದರೆ ಕಂಪನಿಯ ಸೈನ್ಯವು ಅದೇ ತಿಂಗಳಲ್ಲಿ ಕಿತ್ತೂರನ್ನು ಹಿಡಿಯಿತು. ರಾಣಿ ಚೆನ್ನಮ್ಮನವರು ಬೈಲಹೊಂಗಲದ ಕೋಟೆಯಲ್ಲಿ ಬಂಧನದಲ್ಲಿದ್ದು 1829ರಲ್ಲಿ ಕಾಲವಾದರು. ಸೆರೆಯಾಳನ್ನು ಜೀವಸಹಿತ ಬಿಟ್ಟವರಿಗೆ ಸೆರೆಯೇ ಗತಿಯಾಯಿತು. ಈ ಮಾತನ್ನು ಮರೆತು ಎಲಿಯಟರನ್ನು ಹೊಗಳುವುದು ನ್ಯಾಯವಲ್ಲ. ಅವರು ನಮ್ಮನ್ನು ಆಳಲು ಬಂದವರ ಪೈಕಿ ಒಬ್ಬರು.

ಇಂಥ ಅನುಭವವಾದ ಮೇಲೆ ಮತ್ತೊಬ್ಬರಾಗಿದ್ದರೆ ಈ ನಾಡನ್ನು ದ್ವೇಷಿಸುತ್ತಿದ್ದರೋ ಏನೋ! ಎಲಿಯಟರು ಹಾಗೆ ಮಾಡಲಿಲ್ಲ. 1833ರವರೆಗೂ ಅದೇ ಸೀಮೆಯಲ್ಲಿದ್ದು ಕನ್ನಡ ಕಲಿತರು. ಊರೂರು ತಿರುಗುವಾಗ ಗುಡಿಗಳ ಮುಂದೆ, ಕೆರೆಯ ಏರಿಯ ಮೇಲೆ, ಹೊಲಗಳ ನಡುವೆ ನಿಂತಿದ್ದ ಶಾಸನದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. ಆ ಹಳೆಯ ಲಿಪಿಯನ್ನು ಓದಬಲ್ಲವರು ಆಗ ವಿರಳವಾಗಿದ್ದರು. ನಾಡಿನ ಪಂಡಿತರ ನೆರವಿನಿಂದ ಅವರು ಅವುಗಳನ್ನು ಒಂದೊಂದಾಗಿ ನಕಲು ಮಾಡಿಸಿದರು. ಹೀಗೆ ಕೂಡಿದ ಶಾಸನಗಳ ಸಂಖ್ಯೆ 595. ಅವುಗಳ ಆಧಾರದಿಂದ ಅವರು ಬರೆದ ಪ್ರಬಂಧವು 1837ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಾಲುಕ್ಯ ಅರಸರ ಪರಂಪರೆಯನ್ನು ಶಾಸನಗಳ ಆಧಾರದಿಂದ ಕ್ರಮವಾಗಿ ಜೋಡಿಸಿದ ಮೊದಲ ಪ್ರಯತ್ನಗಳಲ್ಲಿ ಅದು ಮುಖ್ಯವಾದದ್ದು. ಮುಂದೆ ಜೆ. ಎಫ್. ಫ್ಲೀಟರಂಥ ವಿದ್ವಾಂಸರು ಕನ್ನಡ ನಾಡಿನ ಚರಿತ್ರೆಯನ್ನು ಬರೆಯುವಾಗ ಈ ಹಸ್ತಪ್ರತಿಗಳನ್ನು ಬಳಸಿಕೊಂಡರು.

ಶಾಸನದ ಜೊತೆಜೊತೆಗೆ ನಾಣ್ಯದ ಗೀಳೂ ಅವರಿಗೆ ಹತ್ತಿತು. ಶಾಸನದ ಕಲ್ಲು ನಿಂತಲ್ಲೇ ನಿಲ್ಲುತ್ತದೆ. ನಾಣ್ಯ ಕೈಯಿಂದ ಕೈಗೆ, ಊರಿಂದ ಊರಿಗೆ, ಕಡಲಾಚೆಗೂ ಹೋಗುತ್ತದೆ. ಚಿನ್ನದ ಹಳೆಯ ನಾಣ್ಯ ಅಕ್ಕಸಾಲಿಗನ ಮೂಸೆಯನ್ನು ಸೇರಿದರೆ ಅದರ ಕಥೆ ಅಲ್ಲಿಗೆ ಮುಗಿಯಿತು. ತಾಮ್ರದ ಕಾಸು ಕಂಚುಗಾರನ ಕುಲುಮೆಯಲ್ಲಿ ಚೊಂಬಾಗಿಬಿಡುತ್ತದೆ. ಆದ್ದರಿಂದ ಅವು ಕರಗುವುದಕ್ಕೆ ಮುಂಚೆಯೇ ಕೈಗೆ ಸಿಗಬೇಕಿತ್ತು. ಹಂದಿಯ ಗುರುತುಳ್ಳ ಚಾಲುಕ್ಯರ ಚಿನ್ನದ ನಾಣ್ಯ, ತಾವರೆಯ ಗುರುತಿನ ಪದ್ಮಟಂಕ, ಮೀನಿನ ಗುರುತಿನ ಪಾಂಡ್ಯರ ಕಾಸು, ಹುಲಿಯ ಗುರುತಿನ ಚೋಳರ ಕಾಸು, ಇವೆಲ್ಲವನ್ನೂ ಅವರು ವರ್ಷಗಟ್ಟಲೆ ಕೂಡಿಸಿದರು. ಚಾಲುಕ್ಯರ ಲಾಂಛನವಾದ ವರಾಹವೇ ನಾಣ್ಯದ ಹೆಸರಾಗಿ, ವಿಜಯನಗರದ ಕಾಲವನ್ನೂ ದಾಟಿ, ನಮ್ಮ ಅಜ್ಜಂದಿರ ಅಜ್ಜಂದಿರ ಲೆಕ್ಕದ ಪುಸ್ತಕಗಳವರೆಗೂ ಉಳಿದು ಬಂದಿತು.

ಎಲಿಯಟರು ನಾಣ್ಯಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಕೊಂಡು ಸಂತೋಷಪಡುವವರಾಗಿರಲಿಲ್ಲ. ತಮಗೆ ಸಿಕ್ಕಿದ್ದನ್ನು ಇತರ ಆಸಕ್ತರಿಗೂ ತಿಳಿಸಬೇಕೆಂದು ಮದರಾಸಿನ ಸಾಹಿತ್ಯ ಮತ್ತು ವಿಜ್ಞಾನ ಪತ್ರಿಕೆಯಲ್ಲಿ ಚಿತ್ರಸಹಿತ ಲೇಖನಗಳನ್ನು ಪ್ರಕಟಿಸಿದರು. ಕೋರಮಂಡಲ ತೀರದ ಬಗ್ಗೆ ಅವರು ತಿಳಿಸಿರುವ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಜೋರಾಗಿ ಗಾಳಿ ಬೀಸಿ ಮರಳು ಸರಿದ ಮೇಲೆ ಅಲ್ಲಿನ ಬಡ ಬೆಸ್ತರ ಹೆಂಗಸರು ದಿಬ್ಬಗಳಲ್ಲಿ ಹಳೆಯ ಕಾಸುಗಳನ್ನು ಆಯ್ದು ತರುತ್ತಿದ್ದರಂತೆ. ಅವುಗಳಲ್ಲಿ ನಮ್ಮ ದೇಶದ ಕಾಸುಗಳ ಜೊತೆಗೆ ರೋಮ್ ಮತ್ತು ಚೀನಾ ದೇಶದ ಕಾಸುಗಳೂ ಇರುತ್ತಿದ್ದವು. ಎರಡು ಕಂಬದ ಹಡಗಿನ ಚಿತ್ರವುಳ್ಳ ಸಾತವಾಹನರ ಕಾಲದ ಸೀಸದ ನಾಣ್ಯಗಳೂ ಈ ತೀರದವೇ. ಚರಿತ್ರೆಯನ್ನು ಓದಲು ಬಾರದ ತಾಯಂದಿರ ಸೆರಗಿನಲ್ಲಿ ಚರಿತ್ರೆ ಕೂಡಿತ್ತು.

ರೋಮಿನ ನಾಣ್ಯ ಇಲ್ಲಿಗೆ ಹೇಗೆ ಬಂದಿತು? ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಯವನರ ಹಡಗುಗಳು ಮುಂಗಾರು ಗಾಳಿಯನ್ನು ಹಿಡಿದು ನಮ್ಮ ಪಶ್ಚಿಮ ತೀರಕ್ಕೆ ಬರುತ್ತಿದ್ದವು. ಅವರಿಗೆ ನಮ್ಮ ಮೆಣಸು, ಮುತ್ತು, ಹತ್ತಿಬಟ್ಟೆ ಬೇಕಾಗಿದ್ದವು. ಅದಕ್ಕೆ ಬದಲಾಗಿ ಕೊಡಲು ಅವರಲ್ಲಿ ಇದ್ದದ್ದು ಮುಖ್ಯವಾಗಿ ಚಿನ್ನ ಬೆಳ್ಳಿ. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹಣ ಇಂಡಿಯಾಕ್ಕೆ ಹರಿದುಹೋಗುತ್ತಿದೆಯೆಂದು ರೋಮಿನ ಪ್ಲಿನಿ ಎಂಬ ಪಂಡಿತನು ಕೊರಗಿದ್ದಾನೆ. ಅವನ ಕೊರಗಿಗೆ ಸಾಕ್ಷಿ ನಮ್ಮ ನೆಲದಲ್ಲಿ ಸಿಕ್ಕಿದೆ. ಪುದುಕ್ಕೋಟೆಯಲ್ಲಿ 1898ರಲ್ಲಿ 501 ಚಿನ್ನದ ನಾಣ್ಯಗಳು ದೊರೆತವು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ಬೆಳ್ಳಿಯ ನಾಣ್ಯಗಳು ದೊರೆತವು. ಹಿಂದೂಪುರದಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗುವಾಗ ನಾವು ದಾಟುವ ಯಶವಂತಪುರವೇ ಅದು. ಕಲ್ಯಾಣದುರ್ಗದಿಂದ ಪಶ್ಚಿಮಕ್ಕೆ ಹೋದರೆ ಸಿಗುವ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರು ಉತ್ಖನನ ನಡೆಸಿದಾಗ ಅಲ್ಲಿಯೂ ರೋಮಿನ ಬೆಳ್ಳಿಯ ನಾಣ್ಯಗಳು ಸಿಕ್ಕವು. 1947ರಲ್ಲಿ ಮಾರ್ಟಿಮರ್ ವೀಲರರು ಚಂದ್ರವಳ್ಳಿಯನ್ನೂ ಬ್ರಹ್ಮಗಿರಿಯನ್ನೂ ಮತ್ತೆ ಅಗೆದಾಗ, ನೆಲದ ಪದರಗಳ ಕಾಲವನ್ನು ನಿರ್ಣಯಿಸಲು ಇಂಥ ನಾಣ್ಯಗಳೇ ಆಧಾರವಾದವು.

ಗ್ರೀಕರ ನಾಣ್ಯಗಳ ಉಪಕಾರವೂ ದೊಡ್ಡದು. ವಾಯವ್ಯ ದೇಶವನ್ನು ಆಳಿದ ಗ್ರೀಕ್ ಅರಸರು ನಾಣ್ಯದ ಒಂದು ಮುಖದಲ್ಲಿ ಗ್ರೀಕ್ ಅಕ್ಷರಗಳನ್ನೂ ಇನ್ನೊಂದು ಮುಖದಲ್ಲಿ ನಮ್ಮ ದೇಶದ ಅಕ್ಷರಗಳನ್ನೂ ಹಾಕಿಸುತ್ತಿದ್ದರು. ಓದಲು ಬರುವ ಮುಖದಿಂದ ಓದಲು ಬಾರದ ಮುಖಕ್ಕೆ ದಾರಿ ಸಿಕ್ಕಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪರು ಬ್ರಾಹ್ಮೀ ಲಿಪಿಯನ್ನು ಪೂರ್ತಿಯಾಗಿ ಬಿಡಿಸಿದ್ದಕ್ಕೆ ಇಂಥ ನಾಣ್ಯಗಳೂ ನೆರವಾದವು. ಎಲಿಯಟರ ಶಾಸನ ಪ್ರಬಂಧವು ಅಚ್ಚಾದದ್ದೂ ಅದೇ ವರ್ಷ.

ಎಲಿಯಟರು ಮುಂದೆ ಮದರಾಸು ಗವರ್ನರರ ಕಾರ್ಯದರ್ಶಿಯಾಗಿ, ಉತ್ತರ ಸರ್ಕಾರ್ ಜಿಲ್ಲೆಗಳ ಕಮಿಷನರರಾಗಿ, 1854ರಿಂದ ಗವರ್ನರರ ಕೌನ್ಸಿಲ್ ಸದಸ್ಯರಾಗಿ ದುಡಿದರು. ಪ್ರಾಣಿಗಳಲ್ಲಿಯೂ ಗಿಡಮರಗಳಲ್ಲಿಯೂ ಅವರಿಗೆ ಅಷ್ಟೇ ಆಸಕ್ತಿ. ದಕ್ಷಿಣ ಮಹಾರಾಷ್ಟ್ರ ಸೀಮೆಯೆಂದು ಆಗ ಕರೆಯುತ್ತಿದ್ದ ನಮ್ಮ ಧಾರವಾಡ ಭಾಗದ ಪ್ರಾಣಿಗಳ ಪಟ್ಟಿಯನ್ನು ಮಾಡಿದರು. ಪೊದೆಯಲ್ಲಿ ವಾಸಿಸುವ ಒಂದು ಜಾತಿಯ ಇಲಿಗೆ ವಿಜ್ಞಾನಿಗಳು ಅವರ ಹೆಸರನ್ನೇ ಇಟ್ಟಿದ್ದಾರೆ. ತೆಲುಗಿನಲ್ಲಿ ಗಿಡಗಳಿಗಿರುವ ಹೆಸರುಗಳನ್ನೆಲ್ಲ ಕೂಡಿಸಿ 1859ರಲ್ಲಿ ‘ಫ್ಲೋರಾ ಆಂಧ್ರಿಕಾ’ ಎಂಬ ಪುಸ್ತಕವನ್ನು ಹೊರತಂದರು. ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು ಭಾಷೆಯನ್ನಾಡುವ ನಮ್ಮ ಮಕ್ಕಳಿಗೆ ಇದು ಮೆಚ್ಚಿಕೆಯಾಗಬೇಕು. ಕನ್ನಡದ ಶಾಸನ, ತೆಲುಗಿನ ಗಿಡ, ತಮಿಳು ನಾಡಿನ ನಾಣ್ಯ, ಯಾವುದೂ ಅವರಿಗೆ ಪರಕೀಯವಾಗಿರಲಿಲ್ಲ.

ಆದರೂ ಒಂದು ಮಾತನ್ನು ಮುಚ್ಚಿಡಬಾರದು. 1845ರಲ್ಲಿ ಅವರು ಅಮರಾವತಿಯ ಬೌದ್ಧ ಸ್ತೂಪದ ಶಿಲ್ಪಗಳನ್ನು ಅಗೆಸಿ ತೆಗೆಸಿ ಮದರಾಸಿಗೆ ಸಾಗಿಸಿದರು. ಅವು ಅಲ್ಲಿ ಬಯಲಿನಲ್ಲಿ ಬಿಸಿಲಿಗೂ ಮಳೆಗೂ ಮೈಯೊಡ್ಡಿ ವರ್ಷಗಟ್ಟಲೆ ಬಿದ್ದಿದ್ದವು. 1859ರಲ್ಲಿ ಹಡಗನ್ನೇರಿ ಲಂಡನ್ನಿಗೆ ಹೋದವು. ಎಲಿಯಟರು ಕ್ರಮವಾಗಿ ಜೋಡಿಸಿದ್ದ ನಾಣ್ಯಗಳೂ ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮಿನಲ್ಲಿವೆ. ನಮ್ಮ ಹಿರಿಯರ ಕೈಯಲ್ಲಿ ಓಡಾಡಿದ ಕಾಸನ್ನು ನೋಡಲು ನಾವು ಸಮುದ್ರವನ್ನು ದಾಟಬೇಕಾಗಿದೆ. ಅವರು ಕೂಡಿಸದೆ ಇದ್ದಿದ್ದರೆ ಅವುಗಳಲ್ಲಿ ಎಷ್ಟೋ ಕರಗಿಹೋಗುತ್ತಿದ್ದವೆಂಬುದು ನಿಜ. ಅವು ನಮ್ಮಿಂದ ದೂರವಾದವೆಂಬುದೂ ನಿಜ. ಎರಡನ್ನೂ ಒಟ್ಟಿಗೆ ನೆನಪಿಡುವುದೇ ಚರಿತ್ರೆಯ ಓದು.

1860ರಲ್ಲಿ ಎಲಿಯಟರು ನಿವೃತ್ತರಾಗಿ ಸ್ಕಾಟ್ಲೆಂಡಿನ ವುಲ್ಫ್‌ಲೀ ಎಂಬಲ್ಲಿನ ತಮ್ಮ ಮನೆಗೆ ಹಿಂದಿರುಗಿದರು. 1866ರಲ್ಲಿ ಅವರಿಗೆ ಸರ್ ಪದವಿ ಬಂದಿತು. 1878ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ಇಷ್ಟೆಲ್ಲ ಗೌರವ ಬಂದ ಮೇಲೆ ಮುದುಕರು ಸುಮ್ಮನೆ ಕುಳಿತಿರಬಹುದಾಗಿತ್ತು. ಅದೂ ಅಲ್ಲದೆ ಕಣ್ಣಿನ ದೃಷ್ಟಿ ಬಹುಮಟ್ಟಿಗೆ ಹೋಗಿತ್ತು. ನಾಣ್ಯದ ಅಕ್ಷರವನ್ನು ಓದಬೇಕಾದವರಿಗೆ ಇದಕ್ಕಿಂತ ದೊಡ್ಡ ಕಷ್ಟವುಂಟೇ? ಆದರೂ ಅರವತ್ತು ವರ್ಷಗಳ ತಿಳಿವಳಿಕೆಯನ್ನು ತಮ್ಮೊಡನೆ ಒಯ್ಯಲು ಅವರಿಗೆ ಮನಸ್ಸಾಗಲಿಲ್ಲ. ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತ ಅವರ ದೊಡ್ಡ ಗ್ರಂಥವು 1886ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಆಗ ಅವರಿಗೆ ಎಂಬತ್ತಮೂರು ವರ್ಷ. 1887ರ ಮಾರ್ಚ್ 1ರಂದು ಅವರು ತೀರಿಕೊಂಡರು. ಅದೇ ದಿನ ಬೆಳಿಗ್ಗೆ ತಮಿಳು ವಿದ್ವಾಂಸರಾದ ಪೋಪರಿಗೆ ತಿರುಕ್ಕುರಳಿನ ವಿಷಯವಾಗಿ ಒಂದು ಪತ್ರವನ್ನು ಹೇಳಿ ಬರೆಯಿಸಿ, ತಮ್ಮ ಕೈಯಿಂದಲೇ ಸಹಿ ಹಾಕಿದ್ದರು.

ವಿದ್ಯಾರ್ಥಿಗಳೇ, ಎಲಿಯಟರ ಕಾಲದಲ್ಲಿ ನಮ್ಮ ಸೀಮೆಯು ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಯಿತು. ಗಡಿಗಳು ಬದಲಾಗುತ್ತವೆ, ನೆಲದಲ್ಲಿರುವುದು ಬದಲಾಗುವುದಿಲ್ಲ. ಮಡಕಶಿರದ ಕಡೆಯ ಹೇಮಾವತಿಯು ನೊಳಂಬರ ರಾಜಧಾನಿಯಾಗಿತ್ತು. ಅಲ್ಲಿ ಕನ್ನಡ ಶಾಸನಗಳಿವೆ. ಪೆನುಕೊಂಡೆಯು ವಿಜಯನಗರದ ಅರಸರ ರಾಜಧಾನಿಯಾಗಿತ್ತು. ಇಂಥ ನೆಲದಲ್ಲಿ ನೇಗಿಲಿಗೆ ಒಂದು ಕಾಸು ತಗುಲಿದರೆ ಆಶ್ಚರ್ಯವಿಲ್ಲ. ಹಾಗೆ ಸಿಕ್ಕಿದರೆ ಏನು ಮಾಡಬೇಕು? ಮೊದಲನೆಯದಾಗಿ, ಅದನ್ನು ತಿಕ್ಕಬೇಡಿ, ತೊಳೆಯಬೇಡಿ. ಎರಡನೆಯದಾಗಿ, ಎಲ್ಲಿ, ಯಾವ ದಿನ, ಎಷ್ಟು ಆಳದಲ್ಲಿ, ಜೊತೆಗೆ ಇನ್ನೇನಿತ್ತು ಎಂಬುದನ್ನು ಬರೆದಿಡಿ. ಸಿಕ್ಕಿದ ಜಾಗ ತಿಳಿಯದ ನಾಣ್ಯವು ಅರ್ಧ ಮೂಗನಾದಂತೆ. ಮೂರನೆಯದಾಗಿ, ತಂದೆತಾಯಿಗಳಿಗೆ ತಿಳಿಸಿ ಅಧಿಕಾರಿಗಳ ಗಮನಕ್ಕೆ ತನ್ನಿ. 1878ರ ನಿಧಿ ಕಾಯಿದೆಯ ಪ್ರಕಾರ ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿ ಸಿಕ್ಕಿದವರು ಜಿಲ್ಲಾ ಕಲೆಕ್ಟರರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಪೋಷಕರು ಇದಕ್ಕೆ ಹೆದರಬೇಕಾಗಿಲ್ಲ; ಮುಚ್ಚಿಟ್ಟರೆ ಮಾತ್ರ ತೊಂದರೆ.

ಕಾಸು ತಂದ ಆ ವಿದ್ಯಾರ್ಥಿಯು ಈಗ ಒಂದು ನೋಟ್ ಪುಸ್ತಕವನ್ನಿಟ್ಟಿದ್ದಾನೆ. ತನ್ನ ಊರಿನ ಗುಡಿಯ ಮುಂದಿನ ಕಲ್ಲಿನ ಮೇಲಿರುವ ಅಕ್ಷರಗಳನ್ನು ಅದರಲ್ಲಿ ಕಂಡಂತೆ ಬರೆದುಕೊಂಡು ಬರುತ್ತಿದ್ದಾನೆ. ಬಹಳಷ್ಟು ಅಕ್ಷರಗಳು ಅವನಿಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಇಬ್ಬರೂ ಕಲಿಯುತ್ತಿದ್ದೇವೆ.