ಒಂದು ಡಾಲರಿನ ಇನ್ಸುಲಿನ್, ಲೆಕ್ಕಕ್ಕೆ ಬಾರದ ವಸಡು

ಅಪ್ಪನಿಗೆ ಶುಗರ್ ಇರಬಹುದು ಅಂತ ಮೊದಲು ಅನುಮಾನಪಟ್ಟಿದ್ದು ಹಲ್ಲಿನ ಡಾಕ್ಟರು. ಹಲ್ಲುಜ್ಜುವಾಗ ರಕ್ತ ಬರ್ತಿತ್ತು, ಎರಡು ಹಲ್ಲು ಅಲ್ಲಾಡ್ತಿದ್ದವು. ವಯಸ್ಸಾಯ್ತಲ್ಲ ಅಂತ ಅಪ್ಪ ಸುಮ್ಮನಿದ್ದರು. ಡಾಕ್ಟರು ವಸಡು ನೋಡಿದವರೇ, ಮೊದಲು ರಕ್ತ ಪರೀಕ್ಷೆ ಮಾಡಿಸಿ ಅಂದರು. ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ 9 ದಾಟಿತ್ತು. ಅವತ್ತು ಈ ಕಾಯಿಲೆ ಬಗ್ಗೆ ಓದೋಕೆ ಕೂತವನಿಗೆ ಬಿಡದೆ ಓದಿಸಿಕೊಂಡದ್ದು ಫ್ರೆಡರಿಕ್ ಬ್ಯಾಂಟಿಂಗ್‌ನ ಬದುಕು.

ನವೆಂಬರ್ 14 ನಮಗೆ ಮಕ್ಕಳ ದಿನ. ಜಗತ್ತಿಗೆ ಅದು ಮಧುಮೇಹ ದಿನ ಕೂಡ. 1891ರ ಆ ದಿನ ಕೆನಡಾದ ಆಲಿಸ್ಟನ್ ಎಂಬಲ್ಲಿ ರೈತನ ಮನೆಯ ಐದನೇ ಮಗುವಾಗಿ ಬ್ಯಾಂಟಿಂಗ್ ಹುಟ್ಟಿದ. ಓದಿನಲ್ಲಿ ಅಂಥಾ ಬುದ್ಧಿವಂತನೇನಲ್ಲ. ಕಾಲೇಜಿನ ಮೊದಲ ವರ್ಷ ಫೇಲಾಗಿ, ಆಮೇಲೆ ವೈದ್ಯಕೀಯಕ್ಕೆ ಸೇರಿದ. ಮೊದಲ ಮಹಾಯುದ್ಧದಲ್ಲಿ ತೋಳಿಗೆ ಗಾಯ ಮಾಡಿಕೊಂಡು ಶೌರ್ಯ ಪದಕದೊಂದಿಗೆ ವಾಪಸ್ ಬಂದ. 1920ರಲ್ಲಿ ಆಂಟೇರಿಯೊದ ಲಂಡನ್ ಊರಲ್ಲಿ ಕ್ಲಿನಿಕ್ ತೆರೆದರೆ ಮೊದಲ ತಿಂಗಳ ಸಂಪಾದನೆ 4 ಡಾಲರ್!

ಅದೇ ಅಕ್ಟೋಬರ್ ಕೊನೆಯ ಒಂದು ರಾತ್ರಿ, ಮೇದೋಜೀರಕ ಗ್ರಂಥಿಯ ಬಗ್ಗೆ ಒಂದು ಲೇಖನ ಓದಿ ಮಲಗಿದವನಿಗೆ ನಿದ್ದೆ ಹತ್ತಲಿಲ್ಲ. ಎದ್ದು ಒಂದು ಐಡಿಯಾ ಬರೆದಿಟ್ಟ. ಅದರಲ್ಲಿ ಡಯಾಬಿಟಿಸ್‌ನ ಸ್ಪೆಲ್ಲಿಂಗೇ ತಪ್ಪು. ಗ್ರಂಥಿಯ ನಾಳ ಕಟ್ಟಿ, ಜೀರ್ಣರಸ ಮಾಡುವ ಭಾಗ ಒಣಗಿದ ಮೇಲೆ ಉಳಿದದ್ದರಿಂದ ಸಕ್ಕರೆ ಇಳಿಸುವ ರಸ ತೆಗೆಯಬೇಕು ಅನ್ನೋದು ಯೋಚನೆ. ಟೊರಾಂಟೊ ವಿಶ್ವವಿದ್ಯಾಲಯದ ಪ್ರೊಫೆಸರ್ ಮೆಕ್ಲಿಯಡ್ ಅರೆಮನಸ್ಸಿನಿಂದಲೇ ಒಂದು ಲ್ಯಾಬು, ಕೆಲವು ನಾಯಿಗಳು, ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿಯನ್ನು ಕೊಟ್ಟರು. 1921ರ ಬೇಸಿಗೆಯಿಡೀ ಇಬ್ಬರೂ ಆ ಲ್ಯಾಬಿನಲ್ಲೇ ಕಳೆದರು. ವರ್ಷದ ಕೊನೆಗೆ ರಸಾಯನ ಬಲ್ಲ ಜೇಮ್ಸ್ ಕಾಲಿಪ್ ಸೇರಿಕೊಂಡ.

ಆಗ ಈ ಕಾಯಿಲೆಗಿದ್ದ ಚಿಕಿತ್ಸೆ ಅಂದರೆ ಉಪವಾಸ. ಮಕ್ಕಳನ್ನು ಹಸಿವಲ್ಲಿಟ್ಟು ಸಾವನ್ನು ಒಂದಿಷ್ಟು ದಿನ ಮುಂದೂಡುತ್ತಿದ್ದರು. 14 ವರ್ಷದ ಲೆನಾರ್ಡ್ ಥಾಮ್ಸನ್ ಆಸ್ಪತ್ರೆಗೆ ಬಂದಾಗ ತೂಕ ಸುಮಾರು 30 ಕಿಲೊ. 1922ರ ಜನವರಿ 11ರಂದು ಕೊಟ್ಟ ಮೊದಲ ಚುಚ್ಚುಮದ್ದು ಕೈಕೊಟ್ಟಿತು, ರಸ ಅಶುದ್ಧವಾಗಿತ್ತು. ಕಾಲಿಪ್ ಅದನ್ನು ಶುದ್ಧ ಮಾಡಿಕೊಟ್ಟ ಮೇಲೆ, ಜನವರಿ 23ರಂದು ಮತ್ತೆ ಕೊಟ್ಟರು. ಹುಡುಗ ಇನ್ನೂ 13 ವರ್ಷ ಬದುಕಿದ.

ಮರುವರ್ಷ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ಪೇಟೆಂಟ್ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಹಾಗಂತ ಬ್ಯಾಂಟಿಂಗ್ ಸಾಧು ಏನಲ್ಲ, ಮಹಾ ಮುಂಗೋಪಿ. 1923ರ ನೊಬೆಲ್ ತನಗೂ ಮೆಕ್ಲಿಯಡ್‌ಗೂ ಬಂತು ಅಂತ ಕೆಂಡವಾದ, ತನ್ನ ದುಡ್ಡಲ್ಲಿ ಅರ್ಧ ಬೆಸ್ಟ್‌ಗೆ ಕೊಟ್ಟ. ಮೆಕ್ಲಿಯಡ್ ತಮ್ಮ ಪಾಲಲ್ಲಿ ಅರ್ಧ ಕಾಲಿಪ್‌ಗೆ ಕೊಟ್ಟರು. 1921ರಲ್ಲೇ ಇಂಥ ಪ್ರಯೋಗ ಪ್ರಕಟಿಸಿದ್ದ ರೊಮೇನಿಯಾದ ಪೌಲೆಸ್ಕುಗೆ ಮಾತ್ರ ಯಾರೂ ಏನೂ ಕೊಡಲಿಲ್ಲ. 1941ರ ಫೆಬ್ರವರಿಯಲ್ಲಿ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ವಿಮಾನ ಬಿದ್ದು ಬ್ಯಾಂಟಿಂಗ್ ಸತ್ತಾಗ ಅವನಿಗಿನ್ನೂ 49.

ಇನ್ಸುಲಿನ್ ಬಂದ ಮೇಲೆ ರೋಗಿಗಳು ದಶಕಗಟ್ಟಲೆ ಬದುಕಿದರು. ಬದುಕಿದ್ದರಿಂದಲೇ ಸಕ್ಕರೆ ನಿಧಾನವಾಗಿ ಮಾಡುವ ಹಾನಿಗಳು ಎದ್ದು ಕಂಡವು: ಕಣ್ಣು, ಕಿಡ್ನಿ, ನರ, ರಕ್ತನಾಳ. 1993ರಲ್ಲಿ ಹರಾಲ್ಡ್ ಲೋ ಎಂಬ ದಂತ ವಿಜ್ಞಾನಿ ವಸಡಿನ ರೋಗವನ್ನು ಮಧುಮೇಹದ ಆರನೇ ತೊಡಕು ಅಂತ ಪಟ್ಟಿಗೆ ಸೇರಿಸಿದರು. ಆದರೆ ಇದು ಒನ್‌ವೇ ಅಲ್ಲ. ಸಕ್ಕರೆ ಹೆಚ್ಚಿದ್ದರೆ ದೇಹದ ರೋಗನಿರೋಧಕ ವ್ಯವಸ್ಥೆ ಹದ ತಪ್ಪುತ್ತೆ, ವಸಡಿನ ಉರಿಯೂತ ಜೋರಾಗುತ್ತೆ, ಹಲ್ಲು ಹಿಡಿದಿರುವ ಮೂಳೆ ಕರಗುತ್ತೆ. ಅಲ್ಲಿಂದ ಉರಿಯೂತದ ರಾಸಾಯನಿಕಗಳು ರಕ್ತಕ್ಕೆ ಸೇರಿ ಇನ್ಸುಲಿನ್ ಕೆಲಸಕ್ಕೇ ಅಡ್ಡಿಪಡಿಸುತ್ತವೆ, ಸಕ್ಕರೆ ಇನ್ನೂ ಏರುತ್ತೆ. ಎಂಜಿನಿಯರಿಂಗ್‌ನಲ್ಲಿ ಇದಕ್ಕೆ ಪಾಸಿಟಿವ್ ಫೀಡ್‌ಬ್ಯಾಕ್ ಅಂತಿದ್ವಿ. ಹೆಸರು ಪಾಸಿಟಿವ್, ಸಾಮಾನ್ಯವಾಗಿ ಸಿಸ್ಟಮ್ ಹಾಳಾಗೋದೇ ಅದರಿಂದ. ವಸಡಿನ ಆಳದ ಕ್ಲೀನಿಂಗ್ ಮಾಡಿಸಿದರೆ ಮೂರು-ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುತ್ತೆ ಅಂತ 2022ರ ಕಾಕ್ರೇನ್ ವಿಮರ್ಶೆ ಹೇಳುತ್ತೆ. ಚಿಕ್ಕ ಅಂಕಿ ಅನಿಸಬಹುದು, ಆದರೆ ಮಾತ್ರೆಯ ಜೊತೆಗೆ ಸಿಗುವ ಲಾಭ ಇದು.

ನನಗೆ ಸಿಟ್ಟು ಬಂದಿದ್ದು ಮುಂದಿನದಕ್ಕೆ. ಬ್ಯಾಂಟಿಂಗ್‌ನ ಕೆನಡಾದಲ್ಲೇ, ಸರ್ಕಾರಿ ಆರೋಗ್ಯ ವ್ಯವಸ್ಥೆ ಕಟ್ಟುವಾಗ ಆಸ್ಪತ್ರೆಯಲ್ಲೇ ಆಗಬೇಕಾದ ಶಸ್ತ್ರಚಿಕಿತ್ಸೆ ಬಿಟ್ಟರೆ ಹಲ್ಲನ್ನು ಹೊರಗಿಟ್ಟರು. ಬಾಯಿ ದೇಹದ ಭಾಗ ಅಲ್ಲವೇನೋ ಅನ್ನೋ ಹಾಗೆ. ಖಾಸಗಿ ವಿಮೆ ಇಲ್ಲದ, ಆದಾಯ ಕಡಿಮೆ ಇರುವವರಿಗೆ ರಾಷ್ಟ್ರೀಯ ದಂತ ಯೋಜನೆಯ ಚಿಕಿತ್ಸೆ ಸಿಗೋಕೆ ಶುರುವಾಗಿದ್ದು 2024ರಲ್ಲಿ. ಒಂದು ಡಾಲರಿನ ಆ ಸಹಿ ಬಿದ್ದು ಅಷ್ಟೊತ್ತಿಗೆ 101 ವರ್ಷ.

ನಮ್ಮನೆ ಕಥೆಯೂ ಅದೇ. ಅಪ್ಪನ ಪಾಲಿಸಿಯಲ್ಲಿ ಶುಗರ್‌ನಿಂದ ಆಸ್ಪತ್ರೆ ಸೇರಿದರೆ ದುಡ್ಡು ಬರುತ್ತೆ, ವಸಡಿನ ಕ್ಲೀನಿಂಗಿಗೆ ಬರಲ್ಲ. ಬಿಲ್ ಕಳಿಸಿ ನೋಡಿದೆ, ಹಲ್ಲಿನ ಚಿಕಿತ್ಸೆ ಅಂತ ಎರಡೇ ಪದ ಬರೆದು ವಾಪಸ್ ಮಾಡಿದರು. ಮೂರು ಸಿಟ್ಟಿಂಗ್ ಕೈಯಿಂದಲೇ ಕಟ್ಟಿ ಆಗಿದೆ. ಹೋದ ವಾರದ ಎಚ್‌ಬಿಎ1ಸಿ 7.4. ಅದರಲ್ಲಿ ಮಾತ್ರೆಯ ಪಾಲೇ ಹೆಚ್ಚು. ಅಪ್ಪ ಮಾತ್ರ ಕ್ರೆಡಿಟ್ಟೆಲ್ಲ ಹಲ್ಲಿನ ಡಾಕ್ಟರಿಗೇ ಕೊಡ್ತಿದ್ದಾರೆ, ನಾಲ್ಕನೇ ಸಿಟ್ಟಿಂಗಿಗೆ ಗುರುವಾರ ಅವರೇ ಟೈಮ್ ತಗೊಂಡಿದ್ದಾರೆ.