ಬ್ಯಾಟರಿ ಡೆಡ್, ಆದ್ರೂ ಬೈಕ್ ಸ್ಟಾರ್ಟ್: ರಾಬರ್ಟ್ ಬಾಷ್ ಕಥೆ

ಈ ಸೆಮ್ ರಜೆಯಲ್ಲಿ ಊರಿಗೆ ಹೋದಾಗ ತಾತನ ಹಳೇ ಬೈಕನ್ನ ಹೊರಗೆ ತೆಗೆದೆ. 1950ರ ದಶಕದ್ದು, 6 ವೋಲ್ಟ್ ಬ್ಯಾಟರಿ. ಹೆಡ್‌ಲೈಟ್ ಹಾಕಿದ್ರೆ ಹಣತೆ ಥರ ಮಿಣಮಿಣ, ಹಾರ್ನ್‌ಗೆ ಗಂಟಲು ಕಟ್ಟಿದೆ. ಎಷ್ಟೇ ರೇಸ್ ಮಾಡಿದ್ರೂ ಆಮೀಟರ್ ಮುಳ್ಳು ಮೈನಸ್ ಕಡೆಯಿಂದ ಈಚೆಗೆ ಬರಲ್ಲ. ಅಂದ್ರೆ ಚಾರ್ಜಿಂಗ್ ಇಲ್ಲ. ಆದರೆ ಮೂರನೇ ಕಿಕ್‌ಗೆ ಎಂಜಿನ್ ಸ್ಟಾರ್ಟ್! ಬ್ಯಾಟರಿಯನ್ನೇ ಕಿತ್ತು ಪಕ್ಕಕ್ಕಿಟ್ಟು ಒದ್ದರೂ ಸ್ಟಾರ್ಟ್.

ತಾತ ನಕ್ಕರು. ಆ ಬೈಕಲ್ಲಿ ಕರೆಂಟ್ ಮಾಡೋ ಯಂತ್ರ ಎರಡು ಇವೆಯಂತೆ. ಡೈನಮೊ ಇರೋದು ಬ್ಯಾಟರಿಗೆ ಮತ್ತು ಲೈಟಿಗೆ. ಸ್ಪಾರ್ಕ್ ಕೊಡೋದು ಮ್ಯಾಗ್ನೆಟೊ, ಅದಕ್ಕೆ ಬ್ಯಾಟರಿ ಹಂಗೇ ಇಲ್ಲ. ಈ ಮ್ಯಾಗ್ನೆಟೊ ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದವನಿಗೆ ಸಿಕ್ಕಿದ್ದು ರಾಬರ್ಟ್ ಬಾಷ್. ಹೌದು, ಪ್ಲೇಸ್‌ಮೆಂಟ್ ಲಿಸ್ಟ್‌ನಲ್ಲಿ ನಾವು ನೋಡೋ ಅದೇ ಹೆಸರು. (ನನ್ನ ಬರೆಯೋ ಕನ್ನಡ ಅಷ್ಟಕ್ಕಷ್ಟೇ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.)

ಬಾಷ್ ಹುಟ್ಟಿದ್ದು 1861ರಲ್ಲಿ, ದಕ್ಷಿಣ ಜರ್ಮನಿಯ ಉಲ್ಮ್ ಊರಿನ ಹತ್ತಿರದ ಆಲ್ಬೆಕ್ ಎಂಬ ಹಳ್ಳಿಯಲ್ಲಿ. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವನು. ಅಪ್ಪ ಜಮೀನು ನೋಡಿಕೊಂಡು ಒಂದು ಹೋಟೆಲು ನಡೆಸ್ತಿದ್ರು. ಹುಡುಗ ಉಲ್ಮ್‌ನಲ್ಲಿ ಒಬ್ಬ ಮೆಕ್ಯಾನಿಕ್ ಹತ್ರ ಕೆಲಸ ಕಲಿಯೋಕೆ ಸೇರಿದ, ಆದರೆ ಆ ಯಜಮಾನ ಸರಿಯಾಗಿ ಏನನ್ನೂ ಕಲಿಸಲಿಲ್ಲ. ಈ ಸಿಟ್ಟು ಅವನಿಗೆ ಕೊನೆವರೆಗೂ ಇತ್ತು ಅನ್ಸುತ್ತೆ, ಯಾಕಂದ್ರೆ ಮುಂದೆ 1913ರಲ್ಲಿ ತನ್ನ ಕಾರ್ಖಾನೆಯಲ್ಲೇ ಕಲಿಯೋ ಹುಡುಗರಿಗಂತ ಬೇರೆ ವರ್ಕ್‌ಶಾಪ್ ಮಾಡಿಸಿದ. ಎಂಜಿನಿಯರಿಂಗ್ ಡಿಗ್ರಿ ಇರಲಿಲ್ಲ. ಸ್ಟಟ್‌ಗಾರ್ಟ್ ಟೆಕ್ನಿಕಲ್ ಕಾಲೇಜಿನಲ್ಲಿ ಸ್ವಲ್ಪ ಕಾಲ ಕ್ಲಾಸಿಗೆ ಕೂತಿದ್ದ, ಅಷ್ಟೇ. 1884ರಲ್ಲಿ ಅಮೆರಿಕಕ್ಕೆ ಹೋಗಿ ಎಡಿಸನ್ ಕಂಪನಿಯಲ್ಲಿ, ಆಮೇಲೆ ಇಂಗ್ಲೆಂಡಿನ ಸೀಮೆನ್ಸ್‌ನಲ್ಲಿ ದುಡಿದು ವಾಪಸ್ ಬಂದ.

1886ರ ನವೆಂಬರ್‌ನಲ್ಲಿ ಸ್ಟಟ್‌ಗಾರ್ಟ್‌ನಲ್ಲಿ ಸ್ವಂತ ವರ್ಕ್‌ಶಾಪ್ ತೆಗೆದಾಗ ಅವನ ಜೊತೆ ಇದ್ದದ್ದು ಒಬ್ಬ ಮೆಕ್ಯಾನಿಕ್, ಒಬ್ಬ ಓಡಾಡೋ ಹುಡುಗ. ಮನೆಗಳಿಗೆ ಕರೆಗಂಟೆ ಹಾಕೋದು, ಟೆಲಿಫೋನ್ ರಿಪೇರಿ, ಸಿಕ್ಕಿದ್ದೆಲ್ಲಾ ಮಾಡಿದ. ಗಿರಾಕಿಗಳ ಮನೆಗೆ ಸೈಕಲ್‌ನಲ್ಲಿ ಹೋಗ್ತಿದ್ದ. ಮೊದಲ ಹತ್ತು ವರ್ಷ ಬರೀ ಸಾಲ. ಒಮ್ಮೆಯಂತೂ ಕೆಲಸದವರಲ್ಲಿ ಹೆಚ್ಚಿನವರನ್ನ ಮನೆಗೆ ಕಳಿಸಬೇಕಾಯ್ತು. ಸ್ಟಾರ್ಟಪ್ ಸೆಲ್‌ನವರು ಈ ಭಾಗ ನಮಗೆ ಹೇಳಲ್ಲ.

1887ರಲ್ಲಿ ಒಬ್ಬ ಗಿರಾಕಿ ಬಂದು, ತನ್ನ ಎಂಜಿನ್ನಿಗೆ ಮ್ಯಾಗ್ನೆಟೊ ಬೇಕು ಅಂದ. ಅದು ಬಾಷ್ ಕಂಡುಹಿಡಿದದ್ದಲ್ಲ, ಡಾಯ್ಟ್ಸ್ ಎಂಬ ಎಂಜಿನ್ ಕಂಪನಿ ಆಗಲೇ ಬಳಸ್ತಿತ್ತು. ಪೇಟೆಂಟ್ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಬಾಷ್ ತಾನೂ ಮಾಡಿದ, ಇನ್ನೂ ಗಟ್ಟಿಯಾಗಿ. ಕುದುರೆ ಲಾಳದ ಆಕಾರದ ಮ್ಯಾಗ್ನೆಟ್, ನಡುವೆ ತಂತಿ ಸುತ್ತಿದ ಆರ್ಮೇಚರ್. ಅದು ಅಲುಗಾಡಿದ್ರೆ ಕರೆಂಟ್. ಆದರೆ ಇದೆಲ್ಲ ಒಂದೇ ಜಾಗದಲ್ಲಿ ನಿಂತು ನಿಧಾನಕ್ಕೆ ಓಡೋ ಎಂಜಿನ್‌ಗಳಿಗೆ.

ಈಗ ನಮ್ಮ ತಲೆನೋವಿಗೆ ಬರೋಣ. ಆಗಿನ ಕಾಲದ ಮೋಟಾರ್ ಟ್ರೈಸಿಕಲ್‌ಗಳು ಬ್ಯಾಟರಿಯಿಂದ ಸ್ಪಾರ್ಕ್ ತಗೊಳ್ತಿದ್ವು. ಗಾಡಿಯಲ್ಲಿ ಚಾರ್ಜ್ ಮಾಡೋ ವ್ಯವಸ್ಥೆನೇ ಇಲ್ಲ! ಬ್ಯಾಟರಿ ಮುಗೀತಾ, ರೋಡಲ್ಲೇ ನಿಂತ್ಕೊಳ್ಳಿ. ಹಳ್ಳಿಗಳಲ್ಲಿ ಕರೆಂಟೂ ಇಲ್ಲ. 1897ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸಿಮ್ಸ್ ಒಂದು ಡಿ ಡಿಯೋನ್ ಟ್ರೈಸಿಕಲ್‌ಗೆ ಮ್ಯಾಗ್ನೆಟೊ ಕೂರಿಸೋಕೆ ಕೇಳಿದ. ಅದರ ಎಂಜಿನ್ ನಿಮಿಷಕ್ಕೆ ಸುಮಾರು 1,800 ಸುತ್ತು. ಬಾಷ್‌ನ ಭಾರದ ಆರ್ಮೇಚರ್ ಆ ವೇಗದಲ್ಲಿ ಆಡೋಕೆ ಸಾಧ್ಯವೇ ಇರಲಿಲ್ಲ. ದಾರಿ ಹೊಳೆದದ್ದು ಅವನ ಫೋರ್‌ಮನ್ ಅರ್ನಾಲ್ಡ್ ತ್ಸೇರಿಂಗರ್‌ಗೆ: ಆರ್ಮೇಚರ್ ಹಾಗೇ ನಿಲ್ಲಲಿ, ಅದರ ಮತ್ತು ಮ್ಯಾಗ್ನೆಟ್ ನಡುವೆ ಒಂದು ಹಗುರವಾದ ಲೋಹದ ತೋಳು ಮಾತ್ರ ಆಡಲಿ. ಫ್ಲಕ್ಸ್ ಬದಲಾದ್ರೆ ಸಾಕಲ್ವಾ? ಇದನ್ನ ಓದಿದಾಗ ನನಗೆ ಫ್ಯಾರಡೆ ನಿಯಮ ನಿಜವಾಗಿ ಅರ್ಥ ಆಯ್ತು, ಪಿಯುಸಿಯಲ್ಲಿ ಬರೀ ಫಾರ್ಮುಲಾ ಉರು ಹೊಡೆದಿದ್ದೆ.

1902ರಲ್ಲಿ ಗಾಟ್ಲೋಬ್ ಹೊನೊಲ್ಡ್ ಒಂದೇ ಆರ್ಮೇಚರ್ ಮೇಲೆ ಎರಡು ವೈಂಡಿಂಗ್ ಸುತ್ತಿ ಹೈ ವೋಲ್ಟೇಜ್ ಮ್ಯಾಗ್ನೆಟೊ ಮತ್ತು ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ ಮಾಡಿದ. ಇದೇ ಹೊನೊಲ್ಡ್ ಚಿಕ್ಕವನಿದ್ದಾಗ ಬಾಷ್ ಹತ್ರ ಕೆಲಸ ಕಲಿತ ಹುಡುಗ. 1913ರ ಹೊತ್ತಿಗೆ ಡೈನಮೊ, ಬ್ಯಾಟರಿ, ರೆಗ್ಯುಲೇಟರ್, ಹೆಡ್‌ಲ್ಯಾಂಪ್ ಎಲ್ಲಾ ಸೇರಿಸಿ ಒಂದು ಸೆಟ್ ಆಗಿ ಮಾರೋಕೆ ಶುರು ಮಾಡಿದ್ರು. ನನ್ನ ಕೈಯಲ್ಲಿ ಕೆಟ್ಟಿದ್ದು ಆ ಜಾತಿಯ ವ್ಯವಸ್ಥೆನೇ.

ನೋಡಿ, ದೊಡ್ಡ ಐಡಿಯಾಗಳಲ್ಲಿ ಬಾಷ್‌ನದ್ದು ಅಂತ ಇರೋದು ಕಮ್ಮಿ. ಹಾಗಾದ್ರೆ ಅವನು ಮಾಡಿದ್ದೇನು? ಕೆಟ್ಟ ಮಾಲು ಹೊರಗೆ ಹೋಗೋಕೆ ಬಿಡಲಿಲ್ಲ, ಜನರನ್ನ ಹುಡುಕಿ ಇಟ್ಕೊಂಡ. 1906ರಲ್ಲೇ ಎಂಟು ಗಂಟೆ ಕೆಲಸ ತಂದ, ಊರಿನ ಬೇರೆ ಯಜಮಾನರು ಕೆಂಪು ಬಾಷ್ ಅಂತ ಆಡ್ಕೊಂಡ್ರು. ಆದರೂ 1913ರಲ್ಲಿ ಅವನ ಕಾರ್ಖಾನೆಯಲ್ಲೂ ಸ್ಟ್ರೈಕ್ ಆಯ್ತು. ತಾನು ಅರ್ಧಕ್ಕೆ ಬಿಟ್ಟ ಆ ಟೆಕ್ನಿಕಲ್ ಕಾಲೇಜಿಗೆ 1910ರಲ್ಲಿ ಹತ್ತು ಲಕ್ಷ ಮಾರ್ಕ್ ಕೊಟ್ಟ.

ಕೊನೆಯ ಭಾಗ ಬರೆಯೋದು ಕಷ್ಟ. ಹಿಟ್ಲರ್ ಕಾಲದಲ್ಲಿ ಕಂಪನಿ ಯುದ್ಧದ ಸಾಮಾನು ಮಾಡಿತು, ಬಲವಂತವಾಗಿ ತಂದ ಕೂಲಿಗಳನ್ನ ದುಡಿಸಿತು. ಅದೇ ಹೊತ್ತಲ್ಲಿ ಬಾಷ್ ಯಹೂದಿಗಳು ಪಾರಾಗೋಕೆ ಹಣ ಕೊಟ್ಟ, ಹಿಟ್ಲರ್ ವಿರೋಧಿ ಗೋರ್ಡೆಲರ್‌ಗೆ ತನ್ನ ಕಂಪನಿಯಲ್ಲಿ ಸಲಹೆಗಾರನ ಕೆಲಸ ಕೊಟ್ಟ. 1942ರ ಮಾರ್ಚ್‌ನಲ್ಲಿ ತೀರಿಕೊಂಡಾಗ ಅದೇ ನಾಜಿ ಸರ್ಕಾರ ಅವನಿಗೆ ಸರ್ಕಾರಿ ಗೌರವದ ಅಂತ್ಯಕ್ರಿಯೆ ಮಾಡಿತು. ಒಂದು ಕೈಯಲ್ಲಿ ಕೊಟ್ಟದ್ದನ್ನ ಇನ್ನೊಂದು ಕೈಯಲ್ಲಿ ಮಾಡಿದ್ದರಿಂದ ಕಳೆದು ಲೆಕ್ಕ ಹಾಕೋದು ಹೇಗೆ? ನನಗಂತೂ ಬಗೆಹರಿದಿಲ್ಲ. ಬೆಂಗಳೂರಿಗೆ ಮೈಕೋ ಬಂದದ್ದು 1951ರಲ್ಲಿ, ಆಗ ಅವನಿಲ್ಲ.

ಬೈಕ್ ಏನಾಯ್ತು ಅಂದ್ರಾ? ಡೈನಮೊದ ಡಿ ಮತ್ತು ಎಫ್ ತಂತಿ ಬಿಚ್ಚಿ, ಆ ಎರಡು ಟರ್ಮಿನಲ್ ಒಂದಕ್ಕೊಂದು ಸೇರಿಸಿ, ಅಲ್ಲಿಂದ ಬಾಡಿಗೆ ಮೀಟರ್ ಹಿಡಿದು ನಿಧಾನಕ್ಕೆ ರೇಸ್ ಮಾಡಿದ್ವಿ. ವೋಲ್ಟೇಜ್ ಸರ್ರನೆ ಏರಬೇಕಿತ್ತು, ಏರಲಿಲ್ಲ. ಅಂದ್ರೆ ತಪ್ಪು ರೆಗ್ಯುಲೇಟರ್‌ನದ್ದಲ್ಲ, ಡೈನಮೊ ಒಳಗಿನದ್ದು. ಬಿಚ್ಚಿದ್ರೆ ಕಮ್ಯುಟೇಟರ್ ತುಂಬಾ ಕಪ್ಪು ಮಸಿ, ಬ್ರಷ್ ಸವೆದು ಚೂರು. ಮಸಿ ಒರೆಸಿ, ಹೊಸ ಬ್ರಷ್ ಹಾಕಿ ಒದ್ದೆ. ಮುಳ್ಳು ನಡುಗಿ, ಪ್ಲಸ್ ಕಡೆಗೆ ಹೋಯ್ತು.

ಆ ದಿನ ಪಕ್ಕದ ಮ್ಯಾಗ್ನೆಟೊವನ್ನೂ ಬಿಚ್ಚಿ ನೋಡಿದೆ. ಆರ್ಮೇಚರ್ ಅಡ್ಡಕ್ಕೆ ನೋಡಿದ್ರೆ ಇಂಗ್ಲಿಷ್ ಎಚ್ ಅಕ್ಷರ, ಸುತ್ತ ಒಂದು ವೃತ್ತ. 1918ರಲ್ಲಿ ಹೊನೊಲ್ಡ್ ಬರೆದ ಬಾಷ್ ಲೋಗೋ ಇದೇ ಚಿತ್ರ. ಆಡುಗೋಡಿ ಕಡೆ ಬಸ್ಸಲ್ಲಿ ಹೋಗೋವಾಗ ಎಷ್ಟು ಸಲ ನೋಡಿದ್ದೆನೋ, ಅದು ಏನಂತ ಗೊತ್ತಿರಲಿಲ್ಲ.